ಮೇದಸ್ಸಿನ ಆಯವ್ಯಯ: ಕೊಬ್ಬನ್ನು ಒಡೆಯುವ ಮತ್ತು ಕಟ್ಟುವ ಕಿಣ್ವಗಳ ಶೋಧನೆಯ ಚರಿತ್ರೆ

ಪ್ರಾಣಿಶರೀರದಲ್ಲಿ ಸಂಚಿತವಾಗುವ ಮೇದಸ್ಸು ಜಡವಾದ ವಸ್ತು, ಹಗೇವಿನಲ್ಲಿ ತುಂಬಿಟ್ಟ ಧಾನ್ಯದಂತೆ ಬರಗಾಲ ಬರುವವರೆಗೆ ಅಲುಗದೆ ಬಿದ್ದಿರತಕ್ಕದ್ದು, ಎಂಬ ಅಭಿಪ್ರಾಯವು ಯುರೋಪಿನ ವಿದ್ವಾಂಸರಲ್ಲಿ 20ನೆಯ ಶತಮಾನದ ಮೊದಲ ಮೂರು ದಶಕಗಳು ಕಳೆಯುವವರೆಗೂ ನೆಲೆಸಿದ್ದಿತು. ಈ ಅಭಿಪ್ರಾಯಕ್ಕೆ ನೀತಿಯ ಮುಖವೊಂದು ಇದ್ದಿತು. ಸಂಗ್ರಹವು ಜಡವಾದರೆ ಅದರ ಹೆಚ್ಚಳಕ್ಕೆ ತುಂಬಿದವನೇ ಹೊಣೆಗಾರನು. ಆದುದರಿಂದ ಸ್ಥೂಲಕಾಯನು ಹೊಟ್ಟೆಬಾಕನು ಅಥವಾ ಸೋಮಾರಿಯು ಎಂಬ ತೀರ್ಮಾನವು ತಾನಾಗಿಯೇ ಹಿಂಬಾಲಿಸುತ್ತಿದ್ದಿತು. ಕಿಣ್ವಗಳ ಶೋಧನೆಯು ಹಗೇವಿನ ಈ ಉಪಮೆಯನ್ನು ನಿರ್ಮೂಲಮಾಡಿತು. ಆದರೆ ಅದರ ಸ್ಥಾನದಲ್ಲಿ ಹುಟ್ಟಿದ ಎರಡನೆಯ ನಂಬಿಕೆ, ಎಂದರೆ ಯಾವುದೋ ಒಂದು ಕಿಣ್ವವನ್ನು ಹಿಡಿದರೆ ಸ್ಥೌಲ್ಯದ ಬೀಗವು ತೆರೆಯುವುದೆಂಬ ನಂಬಿಕೆ, ಅದೂ ಪರೀಕ್ಷೆಗೆ ನಿಲ್ಲಲಿಲ್ಲ. ಈ ಎರಡು ಪತನಗಳ ಕ್ರಮವನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಹೇಳುವುದು ಯುಕ್ತ. ಭಾರತೀಯ ವೈದ್ಯಗ್ರಂಥಗಳು ಮೇದಸ್ಸನ್ನು ಜಡವೆಂದು ಎಣಿಸಲಿಲ್ಲ. ಸಪ್ತಧಾತುಗಳಲ್ಲಿ ಒಂದೆಂದು ಗಣಿಸಿದುವು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಎಂಟು ಬಗೆಯ ನಿಂದಿತ ಶರೀರಗಳನ್ನು ಹೆಸರಿಸಿ, ಅವುಗಳಲ್ಲಿ ಅತಿಸ್ಥೂಲ ಮತ್ತು ಅತಿಕೃಶರನ್ನು ಮಾತ್ರ ವಿಸ್ತಾರವಾಗಿ ವಿವೇಚಿಸುತ್ತದೆ. ಮೇದಸ್ಸು ಮಾರ್ಗಗಳನ್ನು ಮುಚ್ಚುವುದರಿಂದ ವಾಯುವು ಕೋಷ್ಠದಲ್ಲಿಯೇ ಸಂಚರಿಸಿ ಅಗ್ನಿಯನ್ನು ಉದ್ದೀಪಿಸುತ್ತದೆ, ಆದ್ದರಿಂದ ಸ್ಥೂಲನಿಗೆ ತಿಂದದ್ದು ಬೇಗ ಜೀರ್ಣವಾಗಿ ಮತ್ತೆ ಹಸಿವು ಹುಟ್ಟುತ್ತದೆ, ಎಂಬುದು ಅಲ್ಲಿಯ ಮತ. ಇದನ್ನು ಕಿಣ್ವಶಾಸ್ತ್ರದ ಮುನ್ಸೂಚನೆಯೆಂದು ಸಾರುವುದು ಅತಿಸಾಹಸವಾದೀತು. ಆದರೂ ತಿಂದುದರಿಂದ ಸ್ಥೌಲ್ಯ ಬರುವಂತೆಯೇ ಸ್ಥೌಲ್ಯದಿಂದ ಹಸಿವು ಬರುವುದೂ ಉಂಟೆಂಬ ಆಲೋಚನೆ ಅಲ್ಲಿ ಇದೆ; ಅದನ್ನು ಯುರೋಪು ಬಹುಕಾಲ ಆಲೋಚಿಸಲಿಲ್ಲ.

ಯುರೋಪಿನ ವಿಚಾರವು ಅಗ್ನಿಯಿಂದಲೇ ಪ್ರಾರಂಭವಾಯಿತು, ಆದರೆ ಅದು ತೂಕಕ್ಕೆ ಸಿಕ್ಕುವ ಅಗ್ನಿ. ಲವಾಸಿಯೇ ಮತ್ತು ಲಾಪ್ಲಾಸರು 1783ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಓದಿದ ಪ್ರಬಂಧದಲ್ಲಿ, ಮಂಜುಗಡ್ಡೆಯಿಂದ ಆವೃತವಾದ ಪಾತ್ರೆಯಲ್ಲಿ ಗಿನಿಯಿಲಿಯನ್ನು ಇರಿಸಿ, ಅದರ ಮೈಶಾಖದಿಂದ ಕರಗಿದ ನೀರನ್ನು ಅಳೆದು, ಉಸಿರಾಟವೆಂಬುದು ನಿಧಾನವಾದ ಒಂದು ದಹನವೆಂದು ತೋರಿಸಿದರು. ದಹನಕ್ಕೆ ಉರುವಲು ಬೇಕು. ಕೊಬ್ಬೆಂಬ ಉರುವಲು ಏನೆಂಬುದನ್ನು ಶೆವ್ರಲನು 1823ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಿಡಿಸಿ ತೋರಿಸಿದನು: ಅದು ಮೇದಾಮ್ಲಗಳೂ ಗ್ಲಿಸರಿನ್ನೂ ಕೂಡಿ ಆದುದು, ಸಾಬೂನು ಮಾಡುವಾಗ ಈ ಕೂಟವೇ ಒಡೆಯುತ್ತದೆ. 1854ರಲ್ಲಿ ಬರ್ತಲೋ ಎಂಬಾತನು ಅದೇ ಎರಡು ಭಾಗಗಳನ್ನು ಮತ್ತೆ ಕೂಡಿಸಿ ಪ್ರಯೋಗಶಾಲೆಯಲ್ಲಿ ಕೊಬ್ಬನ್ನು ನಿರ್ಮಿಸಿದನು. ಒಂದು ಗ್ಲಿಸರಿನ್ನಿನ ಬೆನ್ನಿಗೆ ಮೂರು ಮೇದಾಮ್ಲಗಳು ಅಂಟಿಕೊಂಡಿರುವುವೆಂಬ ಈ ರಚನೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯಲ್ಲಿ ಮೂರನ್ನೂ ಒಂದೇ ಕೈ ಬಿಡಿಸುತ್ತದೆಯೇ, ಬೇರೆ ಬೇರೆ ಕೈಗಳು ಬಿಡಿಸುತ್ತವೆಯೇ ಎಂಬುದೇ ದೊಡ್ಡ ಪ್ರಶ್ನೆಯಾಯಿತು.

1840ರ ದಶಕದಲ್ಲಿ ಒಂದು ಬಿರುಸಾದ ವಾದ ನಡೆಯಿತು. ದ್ಯುಮಾ ಮತ್ತು ಬುಸ್ಸೆಂಗೋ ಎಂಬ ಫ್ರೆಂಚ್ ಪಂಡಿತರ ಪ್ರಕಾರ ಕೊಬ್ಬನ್ನು ಕಟ್ಟುವುದು ಸಸ್ಯಗಳ ಅಧಿಕಾರ; ಪ್ರಾಣಿಯು ಅದನ್ನು ತಿಂದು ಕೂಡಿಡುವುದು ಅಥವಾ ಸುಡುವುದು, ಅಷ್ಟೆ. ಜರ್ಮನಿಯ ಲೀಬಿಗನು 1842ರ ತನ್ನ ಪ್ರಾಣಿರಸಾಯನಗ್ರಂಥದಲ್ಲಿ ಇದನ್ನು ಖಂಡಿಸಿ, ಪಿಷ್ಟ ಶರ್ಕರಗಳಿಂದ ಪ್ರಾಣಿಯೇ ಕೊಬ್ಬನ್ನು ನಿರ್ಮಿಸಬಲ್ಲುದೆಂದು ಸಾಧಿಸಿದನು. ತೀರ್ಪು ಬಂದದ್ದು ಜೇನುನೊಣದಿಂದ. ಜಿನೀವದ ಹ್ಯೂಬರನು, ಸ್ವತಃ ಕುರುಡನಾಗಿದ್ದರೂ ಜೇನುನೊಣಗಳ ವಿಷಯದಲ್ಲಿ ಕಣ್ಣುಳ್ಳವರಿಗೆಲ್ಲ ಗುರುವಾದವನು, ಸಕ್ಕರೆಯನ್ನೇ ತಿನ್ನಿಸಿದರೂ ಜೇನುನೊಣಗಳು ಮೇಣವನ್ನು ಸ್ರವಿಸುವುವೆಂದು ಹಿಂದೆಯೇ ಹೇಳಿದ್ದನು. ದ್ಯುಮಾ ತಾನೇ ಮಿಲ್ನ್-ಎಡ್ವರ್ಡ್ಸನೊಡನೆ ಕೂಡಿ 1843ರಲ್ಲಿ ಆ ಪ್ರಯೋಗವನ್ನು ಮತ್ತೆ ನಡೆಸಿ, ತನ್ನ ಪಕ್ಷಕ್ಕೆ ವಿರುದ್ಧವಾದ ಫಲವನ್ನು ಪ್ರಕಟಿಸಿದನು. ಬುಸ್ಸೆಂಗೋ 1845ರಲ್ಲಿ ಹಂದಿಗಳನ್ನು ತೂಗಿ ನೋಡಿ ಒಪ್ಪಿಕೊಂಡನು. ವಾದದಲ್ಲಿ ಸೋತವರೇ ಸೋಲಿನ ಸಾಕ್ಷಿಯನ್ನು ಒದಗಿಸಿದ ಇಂಥ ನಿದರ್ಶನಗಳು ಪಾಂಡಿತ್ಯದ ಇತಿಹಾಸದಲ್ಲಿ ವಿರಳ. ಆದರೆ ಲೀಬಿಗನ ಜಯವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಕೂಡದು. ಸಾಮಾನ್ಯ ಆಹಾರವನ್ನು ಉಣ್ಣುವ ಮನುಷ್ಯನಲ್ಲಿ ಪಿಷ್ಟದಿಂದ ನೇರವಾಗಿ ಆಗುವ ಕೊಬ್ಬು ಅಲ್ಪ. ಪಿಷ್ಟವು ಮೊದಲು ಉರಿದುಹೋಗುವುದರಿಂದ ತಿಂದ ಕೊಬ್ಬು ಉರಿಯದೆ ಉಳಿಯುವುದೇ ಹೆಚ್ಚು.

ಕೊಬ್ಬನ್ನು ಒಡೆಯುವ ಕಿಣ್ವವು ಮೊದಲು ಕಾಣಿಸಿಕೊಂಡುದು ಕರುಳಿನಲ್ಲಿ. 1840ರ ದಶಕದ ಕೊನೆಯಲ್ಲಿ ಕ್ಲೋಡ್ ಬರ್ನಾರನು ಮಾಂಸ ತಿನ್ನಿಸಿದ ಮೊಲಗಳನ್ನು ಕೊಯ್ದು ಪರೀಕ್ಷಿಸುತ್ತಿದ್ದಾಗ ಒಂದು ವಿಶೇಷವನ್ನು ಗಮನಿಸಿದನು. ಕೊಬ್ಬನ್ನು ಹೀರಿ ಹಾಲಿನಂತೆ ಬೆಳ್ಳಗಾಗುವ ರಸನಾಳಗಳು ಜಠರದ ದ್ವಾರದ ಹತ್ತಿರ ಬೆಳ್ಳಗಿರಲಿಲ್ಲ. ಸುಮಾರು 30 ಸೆಂಟಿಮೀಟರು ಕೆಳಗೆ ಬಂದ ಮೇಲೆ ಬೆಳ್ಳಗಾಗಿದ್ದುವು. ನಾಯಿಯಲ್ಲಿ ಹಾಗಲ್ಲ, ಆರಂಭದಿಂದಲೇ ಬಿಳುಪು. ಕಾರಣವನ್ನು ಹುಡುಕಲಾಗಿ, ಮೊಲದಲ್ಲಿ ಮೇದೋಜೀರಕ ಗ್ರಂಥಿಯ ನಾಳವು ಅಷ್ಟು ಕೆಳಗೆ ಕರುಳನ್ನು ಸೇರುವುದೆಂದು ತಿಳಿಯಿತು. ಬಳಿಕ ಆ ಗ್ರಂಥಿಯ ರಸವನ್ನು ಹೊರತೆಗೆದು ಬೆಣ್ಣೆಯೊಡನೆ ಬೆರೆಸಿ ಬೆಚ್ಚಗೆ ಇಟ್ಟಾಗ, ಮಿಶ್ರಣವು ಹುಳಿಯಾಗಿ ಮುಗ್ಗಿದ ಬೆಣ್ಣೆಯ ವಾಸನೆಯನ್ನು ಬೀರಿತು. ಎಂದರೆ ಮೇದಾಮ್ಲವು ಬಿಡುಗಡೆಯಾಗಿದ್ದಿತು. ಕನ್ನಡದಲ್ಲಿ ಈ ಅಂಗಕ್ಕೆ ನಿಂತಿರುವ ಹೆಸರು ಬರ್ನಾರನ ಶೋಧನೆಯ ಸಾರವನ್ನೇ ಹೇಳುತ್ತದೆ; ಗ್ರೀಕ್ ಮೂಲದ ಯುರೋಪಿಯನ್ ಹೆಸರಿಗೆ ‘ಎಲ್ಲವೂ ಮಾಂಸ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಬರ್ನಾರನು ಈ ರಸಕ್ಕೆ ಸಲ್ಲಬೇಕಾದುದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಗೌರವವನ್ನು ಕೊಟ್ಟನು. ಪಿತ್ತರಸವಿಲ್ಲದೆ ಅದೊಂದರಿಂದಲೇ ಕೆಲಸ ಸಾಗದೆಂದು ಆತನ ಶಿಷ್ಯನಾದ ದಾಸ್ತ್ರನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ನಾಯಿಯ ಮೇಲೆ ವಿಪರೀತಪ್ರಯೋಗವನ್ನು ಮಾಡಿ ತೋರಿಸಿದನು.

ಇಂಥ ದ್ರವ್ಯಗಳಿಗೆ ಹೈಡಲ್‌ಬರ್ಗಿನ ಕ್ಯೂನೆ ಎಂಬಾತನು 1870ರ ದಶಕದಲ್ಲಿ ಎನ್ಜೈಮ್ ಎಂಬ ಹೆಸರನ್ನಿಟ್ಟನು. ‘ಹುದುಗಿನಲ್ಲಿ ಇರುವುದು’ ಎಂಬುದು ಅದರ ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣದಲ್ಲಿ ಹುದುಗಿಗೆ ಬರುವ ಕಿಣ್ವ ಎಂಬ ಶಬ್ದವು ಕನ್ನಡದಲ್ಲಿ ಇದಕ್ಕೆ ಪರ್ಯಾಯವಾಗಿ ನಿಂತಿರುವುದು ಉಚಿತವೇ ಆಗಿದೆ.

ಕರುಳನ್ನು ದಾಟಿ ಒಳಹೊಕ್ಕ ಮೇದಾಮ್ಲವು ಹೇಗೆ ಉರಿಯುತ್ತದೆ? ಶರೀರದೊಳಗೆ ಅದನ್ನು ಬೆನ್ನಟ್ಟಬೇಕಾದರೆ ಅದಕ್ಕೊಂದು ಗುರುತು ಬೇಕು. 1904ರಲ್ಲಿ ಫ್ರಾಂಟ್ಸ್ ಕ್ನೋಪನು ಮೇದಾಮ್ಲದ ಇಂಗಾಲದ ಸರಪಣಿಯ ತುದಿಗೆ, ಶರೀರದಲ್ಲಿ ಉರಿಯದಿರುವ ಬೆಂಜೀನ್ ಉಂಗುರವನ್ನು ಕಟ್ಟಿ ನಾಯಿಗಳಿಗೆ ತಿನ್ನಿಸಿ, ಮೂತ್ರವನ್ನು ಪರೀಕ್ಷಿಸಿದನು. ಸರಪಣಿಯ ಇಂಗಾಲಗಳು ಬೆಸಸಂಖ್ಯೆಯಲ್ಲಿದ್ದಾಗ ಒಂದು ಬಗೆಯ ಶೇಷವೂ, ಸರಿಸಂಖ್ಯೆಯಲ್ಲಿದ್ದಾಗ ಇನ್ನೊಂದು ಬಗೆಯ ಶೇಷವೂ ದೊರೆತುವು. ಸರಪಣಿಯು ಒಂದೊಂದಾಗಿ ಸವೆಯದೆ ಎರಡೆರಡು ಇಂಗಾಲಗಳಾಗಿ ತುಂಡಾಗುವುದೆಂಬ ಊಹೆಯೊಂದೇ ಇದಕ್ಕೆ ಸಮಾಧಾನ. ಯಾವ ಕಿಣ್ವವನ್ನೂ ಕಾಣದೆ ಕಿಣ್ವಗಳ ಹೆಜ್ಜೆಯನ್ನು ಎಣಿಸಿದ ಈ ಪ್ರಯೋಗದ ಸರಳತೆ ಆಶ್ಚರ್ಯಕರವಾದುದು. ಆದರೆ ಬೆಂಜೀನ್ ಉಂಗುರವು ಶರೀರಕ್ಕೆ ಪರಕೀಯವಾದ ವಸ್ತು. ಗುರುತು ಹೊತ್ತ ಆಮ್ಲವನ್ನು ಶರೀರವು ತನ್ನದೆಂದು ಸ್ವೀಕರಿಸಲಿಲ್ಲ.

ಶರೀರಕ್ಕೆ ತಿಳಿಯದ ಗುರುತು 1931ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ದೊರೆಯಿತು. ಯೂರೀ ಎಂಬಾತನು ಅಲ್ಲಿ ಭಾರಜಲಜನಕವನ್ನು ಕಂಡುಹಿಡಿದನು. ತೂಕದಲ್ಲಿ ಸಾಮಾನ್ಯ ಜಲಜನಕದ ಇಮ್ಮಡಿಯಾದರೂ ನಡತೆಯಲ್ಲಿ ಬಹುಮಟ್ಟಿಗೆ ಅದರಂತೆಯೇ ಇರುವ ವಸ್ತು ಇದು. ಎರಡು ವರ್ಷಗಳ ಬಳಿಕ ಜರ್ಮನಿಯಲ್ಲಿ ನಾಟ್ಸಿಗಳು ಅಧಿಕಾರಕ್ಕೆ ಬಂದು ಯೆಹೂದ್ಯ ಅಧ್ಯಾಪಕರನ್ನು ಹೊರಹಾಕಿದಾಗ, ಫ್ರೈಬುರ್ಗಿನಲ್ಲಿದ್ದ ರುಡಾಲ್ಫ್ ಷೋನ್‌ಹೈಮರನು ಅದೇ ಕೊಲಂಬಿಯಕ್ಕೆ ಬಂದು ಸೇರಿದನು. ಯೂರೀಯ ಪ್ರಯೋಗಶಾಲೆಯಿಂದ ಬಂದ ರಿಟನ್‌ಬರ್ಗನೊಡನೆ ಆತನು ನಡೆಸಿದ ಪ್ರಯೋಗವು 1935ರಲ್ಲಿ ಪ್ರಕಟವಾಯಿತು. ಅಗಸೆಯೆಣ್ಣೆಗೆ ಭಾರಜಲಜನಕವನ್ನು ಸೇರಿಸಿ ಇಲಿಗಳಿಗೆ ಮಿತವಾದ ಆಹಾರದಲ್ಲಿ ತಿನ್ನಿಸಿದರು. ಅಂದಿನ ಸಿದ್ಧಾಂತದ ಪ್ರಕಾರ ಈ ಎಣ್ಣೆಯು ಆ ಹೊತ್ತಿನ ಅಗತ್ಯಕ್ಕೆ ನೇರವಾಗಿ ಉರಿದುಹೋಗಬೇಕು, ಹಳೆಯ ಸಂಗ್ರಹವು ಮುಟ್ಟದಂತೆ ಇರಬೇಕು. ನಡೆದದ್ದು ಬೇರೆ. ಗುರುತಿನ ಕೊಬ್ಬಿನಲ್ಲಿ ದೊಡ್ಡ ಭಾಗವು ಕೆಲವೇ ದಿನಗಳಲ್ಲಿ ಮೇದಸ್ಸಿನ ಸಂಗ್ರಹದೊಳಗೆ ಹೋಗಿ ಕುಳಿತಿತ್ತು. ಇಲಿಗಳ ತೂಕವಾದರೋ ಹೆಚ್ಚಿರಲಿಲ್ಲ. ಎಂದಮೇಲೆ ಹಳೆಯ ಕೊಬ್ಬು ಅಷ್ಟೇ ಪ್ರಮಾಣದಲ್ಲಿ ಹೊರಕ್ಕೆ ಹೋಗಿದ್ದಿತು.

ಹಗೇವಿನ ಉಪಮೆಯು ಇಲ್ಲಿಗೆ ಮುಗಿಯಿತು. ಮೇದಸ್ಸು ಹಗೇವಲ್ಲ, ಕೆರೆ. ಮೇಲಿನಿಂದ ಹಳ್ಳವು ಸುರಿಯುತ್ತಿರುವಂತೆಯೇ ಕೆಳಗೆ ತೂಬು ಹರಿಯುತ್ತಲೇ ಇರುತ್ತದೆ, ಮಟ್ಟವು ಸ್ಥಿರವಾಗಿ ಕಂಡರೂ ನೀರು ಮಾತ್ರ ನಿನ್ನೆಯದಲ್ಲ. ಷೋನ್‌ಹೈಮರನು ಇದನ್ನು ಶರೀರದ ಎಲ್ಲ ಧಾತುಗಳಿಗೂ ವಿಸ್ತರಿಸಿದನು. 1941ರಲ್ಲಿ ತನ್ನ 43ನೆಯ ವಯಸ್ಸಿನಲ್ಲಿ ಆತನು ಆತ್ಮಹತ್ಯೆ ಮಾಡಿಕೊಂಡನು; ದೇಹದ್ರವ್ಯಗಳ ಚಲನಸ್ಥಿತಿಯನ್ನು ಕುರಿತ ಉಪನ್ಯಾಸಗಳನ್ನು ಸಹೋದ್ಯೋಗಿಗಳು 1942ರಲ್ಲಿ ಗ್ರಂಥರೂಪವಾಗಿ ಹೊರತಂದರು. 1948ರಲ್ಲಿ ಜೆರೂಸಲೇಮಿನ ವೆರ್ಟ್‌ಹೈಮರ್ ಮತ್ತು ಷಪೀರೋ ಎಂಬವರು ಮೇದಸ್ಸಿನ ಅಂಗಾಂಶವು ಯಕೃತ್ತಿನಂತೆಯೇ ಕಾರ್ಯನಿರತವಾದ ಅವಯವವೆಂದು ವಿಸ್ತಾರವಾದ ಸಮೀಕ್ಷೆಯಲ್ಲಿ ಪ್ರತಿಪಾದಿಸಿದರು.

ಕೆರೆಯೆಂದಮೇಲೆ ತೂಬು ಯಾವುದು, ಅದನ್ನು ತೆಗೆಯುವ ನೀರುಗಂಟಿ ಯಾರು ಎಂಬ ಪ್ರಶ್ನೆ ಏಳುವುದು ಸಹಜ. 1956ರಲ್ಲಿ ಡೋಲ್ ಮತ್ತು ಗಾರ್ಡನರು ಪ್ರತ್ಯೇಕವಾಗಿ, ರಕ್ತದಲ್ಲಿ ಬಿಡಿಯಾಗಿ ತೇಲುವ ಮೇದಾಮ್ಲವು ಉಪವಾಸದಲ್ಲಿ ಏರಿ ಊಟದ ಬಳಿಕ ಇಳಿಯುವುದನ್ನು ತೋರಿಸಿದರು. 1960ರ ದಶಕದಲ್ಲಿ ಮೇದಸ್ಸಿನ ಜೀವಕೋಶದಲ್ಲಿ, ಅಡ್ರಿನಲಿನ್ ಬಂದಾಗ ಚುರುಕಾಗುವ, ಇನ್ಸುಲಿನ್ ಬಂದಾಗ ತಗ್ಗುವ ಲೈಪೇಸ್ ಕಿಣ್ವವೊಂದು ವರ್ಣಿತವಾಗಿ, ಹಾರ್ಮೋನಿಗೆ ಮಣಿಯುವ ಲೈಪೇಸ್ ಎಂಬ ಹೆಸರನ್ನು ಪಡೆಯಿತು. ಸುಮಾರು ನಾಲ್ಕು ದಶಕಗಳ ಕಾಲ ಪಠ್ಯಪುಸ್ತಕಗಳೆಲ್ಲ ಇದೇ ತೂಬೆಂದು ಬರೆದುವು. ಇದು ಕುಗ್ಗಿದರೆ ಸ್ಥೌಲ್ಯ, ಹಿಗ್ಗಿದರೆ ಕಾರ್ಶ್ಯ ಎಂಬ ಅನುಮಾನವು ತರ್ಕಬದ್ಧವಾಗಿಯೇ ಇದ್ದಿತು. 2000ದಲ್ಲಿ ಜಪಾನಿನ ವಿದ್ವಾಂಸರು ಈ ಕಿಣ್ವವೇ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಗಂಡಿಲಿಗಳು ಬಂಜೆಯಾದುವು, ಆದರೆ ಸ್ಥೂಲವಾಗಲಿಲ್ಲ. ಕೊಬ್ಬಿನ ಒಡೆತವೂ ಸಂಪೂರ್ಣವಾಗಿ ನಿಲ್ಲಲಿಲ್ಲ. ಮೂರು ಮೇದಾಮ್ಲಗಳಲ್ಲಿ ಮೊದಲನೆಯದನ್ನು ಬಿಡಿಸುವ ಕೈ ಬೇರೆಯದೇ ಇದ್ದಿತೆಂದಾಯಿತು. 2004ರಲ್ಲಿ ಅದನ್ನು ಆಸ್ಟ್ರಿಯದ ಗ್ರಾತ್ಸ್ ನಗರದ ತ್ಸೆಖ್ನರನ ಮಂಡಲಿಯವರೂ ಅಮೆರಿಕದ ಎರಡು ಮಂಡಲಿಯವರೂ ಬೇರೆ ಬೇರೆ ಹೆಸರುಗಳಿಂದ ವರ್ಣಿಸಿದರು, ಎ.ಟಿ.ಜಿ.ಎಲ್. ಎಂಬ ಹೆಸರು ಉಳಿಯಿತು.

ಈ ಕಿಣ್ವವಿಲ್ಲದ ಇಲಿಗಳ ವೃತ್ತಾಂತವು 2006ರಲ್ಲಿ ಹೊರಬಂದಿತು. ಅವು ಕೊಂಚ ದಪ್ಪನಾದುವು, ನಿಜ; ಆದರೆ ಅದು ಮುಖ್ಯ ಸಂಗತಿಯಲ್ಲ. ಕೊಬ್ಬು ಹೃದಯದ ಸ್ನಾಯುವಿನಲ್ಲಿ ತುಂಬಿ ಅವು ಅಕಾಲದಲ್ಲಿ ಸತ್ತುವು. ಚಳಿಯನ್ನು ತಡೆಯಲಾರದೆ ಹೋದುವು. ಮರುವರ್ಷ, ಇದೇ ಕಿಣ್ವದ ವಂಶವಾಹಿಯು ಕೆಟ್ಟಿರುವ ಮನುಷ್ಯರೂ ಇರುವರೆಂದು ತಿಳಿದುಬಂದಿತು. ಅವರ ಸ್ನಾಯುಗಳು ಬಲಹೀನವಾಗಿದ್ದುವು. ಶರೀರವು ಮಾತ್ರ ಸ್ಥೂಲವಾಗಿರಲಿಲ್ಲ. ತೂಬು ಮುಚ್ಚಿದರೆ ಕೆರೆ ತುಂಬಿ ತುಳುಕುವುದೆಂಬ ಲೆಕ್ಕವು ಇಲ್ಲಿ ತಪ್ಪಿತು. ಕಿಣ್ವದ ಅಭಾವವು ರೋಗವನ್ನು ತಂದಿತು, ಆದರೆ ಎಲ್ಲರೂ ನಿರೀಕ್ಷಿಸಿದ್ದ ರೋಗವನ್ನಲ್ಲ.

ಕಟ್ಟುವ ಕಡೆಯ ಕಿಣ್ವಗಳಲ್ಲಿಯೂ ಇದಕ್ಕೆ ಸಮಾನವಾದ ಕಥೆ ಇದೆ. ಕ್ನೋಪನ ಎರಡು ಇಂಗಾಲದ ತುಂಡು ಕೋಎನ್ಜೈಮ್-ಎ ಎಂಬ ವಾಹಕದೊಡನೆ ಕೂಡಿ ಸಂಚರಿಸುವುದೆಂದು ಲಿಪ್‌ಮನ್ ಮತ್ತು ಲೀನೆನರ ಶೋಧನೆಗಳಿಂದ 1951ರ ಹೊತ್ತಿಗೆ ಸ್ಪಷ್ಟವಾಯಿತು. ಇರಾಕಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಸಾಲಿಹ್ ವಾಕಿಲನು 1958ರಲ್ಲಿ, ಹೊಸ ಕೊಬ್ಬನ್ನು ಕಟ್ಟುವಾಗ ಮೊದಲು ಮೆಲೋನಿಲ್ ಎಂಬ ಮೂರು ಇಂಗಾಲದ ಮಧ್ಯವಸ್ತು ಹುಟ್ಟುವುದೆಂದು ಕಂಡುಕೊಂಡನು. ಮೆಕ್‌ಗ್ಯಾರಿ ಮತ್ತು ಫಾಸ್ಟರರು 1977ರಲ್ಲಿ ಇನ್ನೂ ಸ್ವಾರಸ್ಯವಾದ ವಿಷಯವನ್ನು ಹೊರಗೆಡಹಿದರು: ಇದೇ ಮೆಲೋನಿಲ್ ವಸ್ತು, ಮೇದಾಮ್ಲವನ್ನು ದಹನಸ್ಥಾನದೊಳಕ್ಕೆ ಸೇರಿಸುವ ಕಿಣ್ವವನ್ನು ತಡೆಯುತ್ತದೆ. ಕಟ್ಟುವ ಕೆಲಸ ನಡೆಯುತ್ತಿರುವಾಗ ಸುಡುವ ಬಾಗಿಲು ಮುಚ್ಚಿರಬೇಕೆಂಬ ಮಿತವ್ಯಯದ ಏರ್ಪಾಡು ಇದು.

ಹಾಗಾದರೆ ಮೆಲೋನಿಲನ್ನು ತಯಾರಿಸುವ ಕಿಣ್ವವನ್ನು ತೆಗೆದುಹಾಕಿದರೆ ಬಾಗಿಲು ಸದಾ ತೆರೆದಿರಬೇಕಷ್ಟೆ. ಈ ಕಿಣ್ವಕ್ಕೆ ಎರಡು ರೂಪಗಳುಂಟು. ಸ್ನಾಯುವಿನಲ್ಲಿ ಪ್ರಧಾನವಾದ ಎರಡನೆಯ ರೂಪವಿಲ್ಲದ ಇಲಿಗಳನ್ನು ವಾಕಿಲನ ಮಂಡಲಿಯವರು ಹ್ಯೂಸ್ಟನ್ನಿನಲ್ಲಿ ಬೆಳೆಸಿ 2001ರಲ್ಲಿ ಫಲವನ್ನು ಪ್ರಕಟಿಸಿದರು. ಮೆಲೋನಿಲ್ ವಸ್ತುವು ಹೃದಯದಲ್ಲಿ ಹತ್ತು ಪಟ್ಟು, ಸ್ನಾಯುವಿನಲ್ಲಿ ಮೂವತ್ತು ಪಟ್ಟು ಕಡಮೆಯಾಗಿದ್ದಿತು. ಇಲಿಗಳು ಹೆಚ್ಚಾಗಿ ತಿಂದರೂ ಕೊಬ್ಬು ಕಡಮೆಯಾಗಿದ್ದಿತು. ಸ್ಥೌಲ್ಯಕ್ಕೆ ಔಷಧ ದೊರೆತೇಬಿಟ್ಟಿತೆಂಬ ಉತ್ಸಾಹವು ಹಬ್ಬಿದುದು ಸ್ವಾಭಾವಿಕ. ಆದರೆ 2010ರಲ್ಲಿ ಬೇರೆ ಎರಡು ಮಂಡಲಿಯವರು ಅದೇ ಕಿಣ್ವವಿಲ್ಲದ ಇಲಿಗಳನ್ನು ಸ್ವತಂತ್ರವಾಗಿ ಬೆಳೆಸಿ ಪರೀಕ್ಷಿಸಿದಾಗ, ಅವು ತೆಳ್ಳಗಾಗಿರಲಿಲ್ಲ. ಕೊಬ್ಬಿನ ದಹನ ಹೆಚ್ಚಿದ್ದುದೇನೋ ನಿಜ; ಅದು ಹೆಚ್ಚಿದಷ್ಟು ಶರ್ಕರದ ದಹನವು ತಗ್ಗಿದ್ದಿತು, ಒಟ್ಟು ಶಕ್ತಿಯ ವ್ಯಯವು ಇದ್ದಂತೆಯೇ ಇದ್ದಿತು. ಎರಡು ಫಲಗಳಿಗೂ ಇರುವ ವ್ಯತ್ಯಾಸವನ್ನು ಹೇಗೆ ವಿವರಿಸಿದರೂ, ಎರಡನೆಯದರಲ್ಲಿರುವ ಲೆಕ್ಕವನ್ನು ಅಲ್ಲಗಳೆಯುವುದು ಕಷ್ಟ. ಜೀವಕೋಶವು ಉರುವಲನ್ನು ಸುಡುವುದು ಎ.ಟಿ.ಪಿ. ಎಂಬ ಶಕ್ತಿನಾಣ್ಯವನ್ನು ಟಂಕಿಸುವುದಕ್ಕಾಗಿ. ನಾಣ್ಯವು ಖರ್ಚಾಗದಿದ್ದರೆ ಟಂಕಸಾಲೆ ತಾನಾಗಿಯೇ ನಿಧಾನವಾಗುತ್ತದೆ. ಬಾಗಿಲನ್ನು ಎಷ್ಟು ಅಗಲಿಸಿದರೂ ಬೇಡಿಕೆಗಿಂತ ಹೆಚ್ಚಾಗಿ ಸುಡಲಾಗುವುದಿಲ್ಲ. ಕೆರೆಯ ಮಾತಿನಲ್ಲಿಯೇ ಹೇಳುವುದಾದರೆ, ಗದ್ದೆಯು ಕುಡಿಯದ ನೀರು ಕೆಳಗಿನ ಕೆರೆಯನ್ನು ಸೇರುತ್ತದೆ; ಸ್ನಾಯು ಸುಡದ ಮೇದಾಮ್ಲವು ಯಕೃತ್ತನ್ನು ಸೇರಿ ಮತ್ತೆ ಕೊಬ್ಬಾಗುತ್ತದೆ.

ಬೇಡಿಕೆಯ ಈ ಕಟ್ಟನ್ನೇ ಬಲವಂತವಾಗಿ ಕಡಿಯುವ ಪ್ರಯತ್ನವೂ ಒಮ್ಮೆ ನಡೆದಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಡೈನೈಟ್ರೋಫೀನಾಲ್ ಎಂಬ ದ್ರವ್ಯವನ್ನು ಬಳಸುತ್ತಿದ್ದ ಕೆಲಸಗಾರರು ಬೆವತು ಸೊರಗುತ್ತಿದ್ದುದು ಕಂಡುಬಂದಿತ್ತು. 1933ರಲ್ಲಿ ಸ್ಟ್ಯಾನ್‌ಫರ್ಡಿನ ವೈದ್ಯರು ಅದನ್ನೇ ಸ್ಥೌಲ್ಯಕ್ಕೆ ಮದ್ದಾಗಿ ಪ್ರಯೋಗಿಸಿದರು. ದಹನಕ್ಕೂ ನಾಣ್ಯಕ್ಕೂ ಇರುವ ಸಂಬಂಧವನ್ನು ಈ ದ್ರವ್ಯವು ತಪ್ಪಿಸುವುದರಿಂದ ಕೊಬ್ಬು ವ್ಯರ್ಥಶಾಖವಾಗಿ ಉರಿದುಹೋಗುತ್ತಿದ್ದಿತು. ತೂಕ ಇಳಿಯಿತು. ಹಲವರ ಕಣ್ಣಿಗೆ ಪೊರೆ ಬಂದಿತು, ಕೆಲವರು ಮೈಕಾವಿನಿಂದಲೇ ಸತ್ತರು. 1938ರ ಅಮೆರಿಕದ ಔಷಧಶಾಸನದಿಂದ ಆ ಮಾರಾಟವು ನಿಂತಿತು.

ಈ ದೀರ್ಘ ಶೋಧನೆಯಿಂದ ರೋಗಿಯ ಕೈಗೆ ಬಂದ ಕಿಣ್ವೌಷಧವು ಬರ್ನಾರನ ಮೊದಲ ಕಿಣ್ವಕ್ಕೇ ಸಂಬಂಧಿಸಿದುದೆಂಬುದು ಕುತೂಹಲಕರ. ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ 1987ರಲ್ಲಿ ದೊರೆತ ವಸ್ತುವಿನಿಂದ ರೂಪಿಸಿದ ಓರ್ಲಿಸ್ಟಾಟ್ ಎಂಬುದು ಕರುಳಿನಲ್ಲಿ ಮೇದೋಜೀರಕ ಲೈಪೇಸನ್ನು ಕಟ್ಟಿಹಾಕಿ, ತಿಂದ ಕೊಬ್ಬಿನಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಒಳಗೆ ಬಿಡದೆ ಹೊರಕ್ಕೆ ಕಳುಹಿಸುತ್ತದೆ. 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಅದು ಹಳ್ಳವನ್ನು ಕೊಂಚ ತಿರುಗಿಸುತ್ತದೆ, ತೂಬಿನ ಗೊಡವೆಗೆ ಹೋಗುವುದಿಲ್ಲ. ಇನ್ನು 1994ರಲ್ಲಿ ಫ್ರೀಡ್‌ಮನ್ನನ ಮಂಡಲಿಯು ಕಂಡುಹಿಡಿದ ಲೆಪ್ಟಿನ್ ಕಿಣ್ವವೇ ಅಲ್ಲ; ಮೇದಸ್ಸು ತನ್ನ ಮಟ್ಟವನ್ನು ಮೆದುಳಿಗೆ ತಿಳಿಸುವ ಹಾರ್ಮೋನು. ಅದು ಹುಟ್ಟಿನಿಂದ ಇಲ್ಲದ ಮಕ್ಕಳು ತೀರದ ಹಸಿವಿನಿಂದ ಸ್ಥೂಲರಾಗುವರು, ಅದನ್ನು ಕೊಟ್ಟರೆ ಹಸಿವು ಅಡಗುವುದು. ಇಂಥ ಮಕ್ಕಳನ್ನು ಹೊಟ್ಟೆಬಾಕರೆನ್ನುವ ನೀತಿಯ ಭಾಷೆಗೆ ಇದಕ್ಕಿಂತ ನೇರವಾದ ಖಂಡನೆ ಇನ್ನೊಂದಿಲ್ಲ.

ಎ.ಟಿ.ಜಿ.ಎಲ್. ವಿಷಯವು ಇಷ್ಟಕ್ಕೇ ನಿಲ್ಲಲಿಲ್ಲ. 2011ರಲ್ಲಿ ಗ್ರಾತ್ಸಿನ ಮಂಡಲಿಯವರು, ಅರ್ಬುದರೋಗದಲ್ಲಿ ಶರೀರವು ಕರಗಿಹೋಗುವ ಕ್ಷಯಕ್ಕೆ ಈ ಕಿಣ್ವವು ಸಾಧನವಾಗುವುದೆಂದೂ, ಅದಿಲ್ಲದ ಇಲಿಗಳಲ್ಲಿ ಕೊಬ್ಬೂ ಸ್ನಾಯುವೂ ಉಳಿಯುವುವೆಂದೂ ತೋರಿಸಿದರು. 2013ರಲ್ಲಿ ಇಲಿಯ ಈ ಕಿಣ್ವವನ್ನು ತಡೆಯುವ ಆಟ್‌ಗ್ಲಿಸ್ಟಾಟಿನ್ ಎಂಬ ದ್ರವ್ಯವು ಸಿದ್ಧವಾಯಿತು. ಹೆಚ್ಚು ಕೊಬ್ಬಿನ ಆಹಾರವನ್ನು ಉಣ್ಣುವ ಇಲಿಗಳಿಗೆ ಅದನ್ನು ಕೊಟ್ಟ ಪ್ರಯೋಗವು 2017ರಲ್ಲಿ ಪ್ರಕಟವಾಯಿತು. ಕೊಬ್ಬನ್ನು ಒಡೆಯುವ ಕಿಣ್ವವನ್ನು ತಡೆದರೆ ಇಲಿಗಳು ಇನ್ನಷ್ಟು ದಪ್ಪನಾಗಬೇಕಾಗಿತ್ತು. ಅವುಗಳ ತೂಕದ ಏರಿಕೆ ಕಡಮೆಯಾಯಿತು, ಯಕೃತ್ತಿನ ಕೊಬ್ಬು ತಗ್ಗಿತು, ಇನ್ಸುಲಿನ್ನಿಗೆ ಶರೀರವು ಚೆನ್ನಾಗಿ ಮಣಿಯಿತು, ಹೃದಯಕ್ಕೆ ಹಾನಿಯೂ ತಟ್ಟಲಿಲ್ಲ. ಆ ದ್ರವ್ಯವು ಮನುಷ್ಯನ ಕಿಣ್ವದ ಮೇಲೆ ನಡೆಯುವುದಿಲ್ಲ. ಮನುಷ್ಯನ ಕಿಣ್ವಕ್ಕೆ ಹೊಂದುವ ಬೇರೊಂದು ದ್ರವ್ಯವನ್ನು 2022ರಲ್ಲಿ ವರ್ಣಿಸಿದರು. ಅದರ ಪರೀಕ್ಷೆಯು ಮಾನವ ಮೇದಸ್ಸಿನ ಜೀವಕೋಶಗಳಲ್ಲಿ, ಪ್ರಯೋಗಶಾಲೆಯ ಗಾಜಿನ ಪಾತ್ರೆಯೊಳಗೆ, ನಡೆದಿದ್ದಿತು.